ತವರು ಬಿಡುವ ಗಂಡು

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಲಿಂಗಸುಗೂರು ಬಸ್ ಹತ್ತಿ ಕಿಟಕಿ ಪಕ್ಕ ಕುಳಿತಿದ್ದೆ. ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನದ ಬಗ್ಗೆ ಎರಡು ಮಾತು ಹೇಳುವ ಕೆಲಸವಿತ್ತು. ಬಸ್ ಇನ್ನೇನು ಹೊರಡಬೇಕು ಎನ್ನುವಾಗ ತಲೆಗೆ ಟವೆಲ್ ಸುತ್ತಿದ್ದ ರೈತರೊಬ್ಬರು, ಅವರ ಹಿಂದೆ ಒಂಬತ್ತನೇ ತರಗತಿಯ ಮಗಳು, ಓಡಿ ಬಂದು ಹತ್ತಿದರು. ಇಬ್ಬರೂ ನನ್ನ ಸೀಟಿನಲ್ಲೇ ಒತ್ತಿಕೊಂಡು ಕುಳಿತರು. ಹಂಪಿ ನೋಡಿ, ಅಲ್ಲೇ ಕಮಲಾಪುರದ ಹತ್ತಿರವಿರುವ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಉದ್ಯಾನದಲ್ಲಿ ಸಿಂಹ ಸಫಾರಿಯನ್ನೂ ಮುಗಿಸಿ ಊರಿಗೆ ಮರಳುತ್ತಿದ್ದರು. ಅವರದು ಮಸ್ಕಿ ಪಕ್ಕದ ಹಳ್ಳಿ.

ನನ್ನ ಕೈಯಲ್ಲಿದ್ದ ಪುಸ್ತಕದ ಹೊದಿಕೆಯ ಮೇಲೆ ಪ್ರಾಣಿಯ ಚಿತ್ರ ಕಂಡದ್ದೇ ತಡ, ಹುಡುಗಿಯ ಪ್ರಶ್ನೆ ಬಂತು.

"ಸರ್, ಅಲ್ಲಿ ಬೇಲಿ ತೆಗೆದ್ರ ಆ ಗಂಡು ಸಿಂಹ ಎಷ್ಟು ದೂರ ಹೋಗ್ತದ್ರೀ? ಮಸ್ಕಿ ಮಟ ಬರ್ತದೇನು?"

ತಂದೆ ನಕ್ಕರು. "ಸುಮ್ಮನಿರವ್ವ. ಸಿಂಹಕ್ಕ ಬಸ್ ಪಾಸ್ ಕೊಟ್ಟಾರೇನು?"

ನಗುವಂಥ ಮಾತೇ. ಆದರೆ ಹುಡುಗಿಯ ಪ್ರಶ್ನೆ ಸಣ್ಣದಲ್ಲ. ಹುಟ್ಟಿದ ಜಾಗ ಬಿಟ್ಟು ಒಂದು ಪ್ರಾಣಿ ಎಷ್ಟು ದೂರ ಹೋಗುತ್ತದೆ, ಯಾಕೆ ಹೋಗುತ್ತದೆ, ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ದಶಕಗಳನ್ನೇ ಕಳೆದಿದ್ದಾರೆ. ಮಸ್ಕಿ ಬರುವವರೆಗೆ ನಮಗೆ ಸಮಯವಿತ್ತು. ಮಾತು ಶುರುವಾಯಿತು.

ಮಸ್ಕಿಯವರಿಗೆ ಸಿಂಹದ ನಂಟು ಒಂದು ಬಗೆಯಲ್ಲಿ ಹಳೆಯದು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಅದು ಅಶೋಕನ ಶಾಸನ. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದುದರಿಂದ ಇತಿಹಾಸಕಾರರ ದೊಡ್ಡದೊಂದು ಒಗಟು ಬಿಡಿಸಿತು. ಅದೇ ಅಶೋಕ ಸಾರನಾಥದಲ್ಲಿ ನಿಲ್ಲಿಸಿದ ಕಂಬದ ಸಿಂಹಗಳು 1950ರಿಂದ ನಮ್ಮ ದೇಶದ ಲಾಂಛನ. ಜೇಬಿನಲ್ಲಿರುವ ರೂಪಾಯಿ ನಾಣ್ಯ ತೆಗೆದು ನೋಡಿ, ಸಿಂಹ ಕಾಣುತ್ತದೆ. ಆದರೆ ಜೀವಂತ ಕಾಡು ಸಿಂಹ ನೋಡಬೇಕೆಂದರೆ ಇಂದು ಇಡೀ ಭಾರತದಲ್ಲಿ ಗುಜರಾತಿನ ಸೌರಾಷ್ಟ್ರಕ್ಕೇ ಹೋಗಬೇಕು. ಅದು ಬಿಟ್ಟರೆ ಆಫ್ರಿಕ.

ಮೊದಲು ಸಿಂಹದ ಮನೆಯ ಕಥೆ ಕೇಳಿ. ಬೆಕ್ಕಿನ ಕುಲದ ಹುಲಿ, ಚಿರತೆಗಳು ಒಂಟಿಯಾಗಿ ಬಾಳುತ್ತವೆ. ಸಿಂಹ ಮಾತ್ರ ಕೂಡು ಕುಟುಂಬದ ಪ್ರಾಣಿ. ಆಫ್ರಿಕದ ಹುಲ್ಲುಗಾವಲಿನ ಒಂದು ಸಿಂಹದ ಗುಂಪು ಎಂದರೆ ಅಜ್ಜಿ, ತಾಯಿ, ಚಿಕ್ಕಮ್ಮ, ಅಕ್ಕ, ತಂಗಿ, ಅವರ ಮರಿಗಳು. ಜೊತೆಗೆ ಹೊರಗಿನಿಂದ ಬಂದು ಸೇರಿದ ಒಂದೆರಡು ಗಂಡು. ಹೆಣ್ಣುಗಳು ಒಟ್ಟಾಗಿ ಬೇಟೆಯಾಡುತ್ತವೆ, ಒಟ್ಟಾಗಿ ಮರಿ ಸಾಕುತ್ತವೆ. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲೂಡಿಸುವುದೂ ಉಂಟು. ಈ ನೆಲದ ನೀರು ಎಲ್ಲಿದೆ, ಬೇಸಿಗೆಯಲ್ಲಿ ಬೇಟೆ ಎಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ ಬರುತ್ತದೆ. ಕೆಲವು ಹೆಣ್ಣುಗಳು ಗುಂಪು ಬಿಡುತ್ತವಾದರೂ ಹೆಚ್ಚಿನವು ಹುಟ್ಟಿದ ಜಾಗದಲ್ಲೇ ಬಾಳಿ ಅಲ್ಲೇ ಸಾಯುತ್ತವೆ.

ಗಂಡಿನ ಕಥೆಯೇ ಬೇರೆ. ಎರಡು ವರ್ಷ ತುಂಬುವ ಹೊತ್ತಿಗೆ ಅದರ ಕೊರಳ ಸುತ್ತ ಕೇಸರ ಮೂಡತೊಡಗುತ್ತದೆ. ಅಲ್ಲಿಂದ ಮನೆಯಲ್ಲಿ ಅದರ ದಿನಗಳು ಎಣಿಕೆಗೆ ಬರುತ್ತವೆ. ಎರಡರಿಂದ ನಾಲ್ಕು ವರ್ಷದ ಒಳಗೆ ಅದು ಹೊರಬೀಳಲೇಬೇಕು. ಒಂದೋ ಗುಂಪಿನ ದೊಡ್ಡ ಗಂಡುಗಳು ಗದರಿಸಿ ಓಡಿಸುತ್ತವೆ, ಇಲ್ಲವೇ ಹೊಸ ಗಂಡುಗಳು ಗುಂಪನ್ನು ವಶಪಡಿಸಿಕೊಂಡಾಗ ಪ್ರಾಣ ಉಳಿಸಿಕೊಳ್ಳಲು ಓಡಬೇಕಾಗುತ್ತದೆ.

ಇಷ್ಟು ಕೇಳಿದ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ಅಂದ್ರ ಹೆಣ್ಣು ಸಿಂಹ ತವರಾಗೇ ಇರ್ತದ, ಗಂಡೇ ಮನಿ ಬಿಟ್ಟು ಹೋಗ್ತದ. ಹೌದಲ್ರೀ?"

"ಹೌದವ್ವ."

"ಬರೋಬರಿ ಐತಿ ಬಿಡ್ರಿ," ಎಂದಳು. ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ ನೋಡಿ ಮುಸಿಮುಸಿ ನಕ್ಕರು.

ಇಂಥ ಪದ್ಧತಿಯನ್ನು ನೋಡಲು ಆಫ್ರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ಗುಡಿ ಗೋಪುರಗಳ ಮೇಲೆ ಕೂರುವ ಕಪ್ಪು ಮುಖದ, ಉದ್ದ ಬಾಲದ ಮುಸುವಗಳಲ್ಲೂ ಹೀಗೆಯೇ. 1960ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಸುಗಿಯಾಮಾ ಎಂಬ ಪ್ರಾಣಿಶಾಸ್ತ್ರಜ್ಞ ನಮ್ಮ ಧಾರವಾಡದ ಹತ್ತಿರದ ಕಾಡಿನಲ್ಲಿ ಮುಸುವಗಳ ಹಿಂದೆ ಬಿದ್ದು ಅವುಗಳ ಸಂಸಾರವನ್ನು ಗಮನಿಸಿದ. ಹೆಣ್ಣುಗಳ ಗುಂಪಿಗೆ ಹೊಸ ಗಂಡು ಒಡೆಯನಾದಾಗ ಅದು ಹಳೆಯ ಗಂಡನ್ನು ಓಡಿಸುವುದನ್ನೂ ಮೊಲೆ ಕುಡಿಯುವ ಮರಿಗಳನ್ನು ಕೊಲ್ಲುವುದನ್ನೂ ದಾಖಲಿಸಿ 1965ರಲ್ಲಿ ಪ್ರಕಟಿಸಿದಾಗ ಅನೇಕ ವಿಜ್ಞಾನಿಗಳು ನಂಬಲಿಲ್ಲ. ಮುಂದೆ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳಲ್ಲೂ ಅದೇ ಕಂಡುಬಂತು. ಮರಿ ಸತ್ತರೆ ತಾಯಿ ಬೇಗ ಮತ್ತೆ ಗರ್ಭ ಧರಿಸುತ್ತಾಳೆ. ಗಂಡು ಸಿಂಹ ಒಂದು ಗುಂಪಿನ ಒಡೆಯನಾಗಿ ಉಳಿಯುವುದು ಸಾಮಾನ್ಯವಾಗಿ ಎರಡು-ಮೂರು ವರ್ಷ ಮಾತ್ರ. ಅಷ್ಟರೊಳಗೆ ತನ್ನ ಮರಿಗಳು ಬೆಳೆಯಬೇಕು. ಕ್ರೂರವೆನಿಸಿದರೂ ಲೆಕ್ಕ ಅದು.

ಮನೆ ಬಿಟ್ಟ ಎಳೆಯ ಗಂಡು ಒಂಟಿಯಾಗಿ ಹೋಗುವುದು ಕಡಿಮೆ. ಅಣ್ಣ ತಮ್ಮಂದಿರು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಜೊತೆಯಾಗಿಯೇ ಹೊರಡುತ್ತವೆ. ಜೊತೆಗಾರ ಇಲ್ಲದ ಗಂಡಿಗೆ ಮುಂದೆ ಒಂದು ಗುಂಪನ್ನು ಗೆದ್ದುಕೊಳ್ಳುವುದು ತುಂಬ ಕಷ್ಟ. ಎರಡು ವರ್ಷವೋ ಮೂರು ವರ್ಷವೋ ಅವು ಅಲೆಮಾರಿಗಳು. ಬೇರೆಯವರ ನೆಲದ ಅಂಚಿನಲ್ಲಿ ಸದ್ದಿಲ್ಲದೆ ನಡೆದು, ಸಿಕ್ಕಿದ್ದು ತಿಂದು, ಗರ್ಜಿಸದೆ ಬಾಯಿ ಮುಚ್ಚಿಕೊಂಡು ಬದುಕಬೇಕು. ಯಾಕೆಂದರೆ ಗರ್ಜಿಸುವುದೆಂದರೆ ಈ ನೆಲ ನನ್ನದು ಎಂದು ಸಾರಿದಂತೆ.

ಇನ್ನು ಹುಡುಗಿಯ ಮೂಲ ಪ್ರಶ್ನೆ. ಎಷ್ಟು ದೂರ?

ಸಿಂಧನೂರಿನಿಂದ ಲಿಂಗಸುಗೂರಿಗೆ ರಸ್ತೆಯಲ್ಲಿ ಹತ್ತಿರ ಹತ್ತಿರ 55 ಕಿಲೋಮೀಟರು. ಮಸ್ಕಿ ಸರಿಸುಮಾರು ನಡುವೆ ಇದೆ. ಇದನ್ನೇ ಅಳತೆಗೋಲು ಮಾಡಿಕೊಳ್ಳೋಣ. ಸಿಂಹ ದಿನದ ಹೆಚ್ಚಿನ ಹೊತ್ತು ಮಲಗಿಯೇ ಕಳೆಯುವ ಪ್ರಾಣಿ. ರಾತ್ರಿ ಎದ್ದು ನಡೆದರೆ ಹತ್ತು-ಹನ್ನೆರಡು ಕಿ.ಮೀ. ಸಲೀಸು. ಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು. ಅಂದರೆ ಸಿಂಧನೂರಿನಲ್ಲಿ ಕತ್ತಲಾದಾಗ ಹೊರಟ ಸಿಂಹ ಎರಡನೆಯ ರಾತ್ರಿಗೆ ಮಸ್ಕಿ ಗುಡ್ಡ, ನಾಲ್ಕನೆಯ ಐದನೆಯ ರಾತ್ರಿಗೆ ಲಿಂಗಸುಗೂರು ಮುಟ್ಟಬಹುದು. ಕಾಲಿಗೆ ಇದು ದೊಡ್ಡ ಮಾತಲ್ಲ.

ಆದರೆ ನಡೆಯಬಲ್ಲ ದೂರ ಬೇರೆ, ನೆಲೆಸುವ ದೂರ ಬೇರೆ. ವಿದ್ಯಾರ್ಥಿಗಳು ಈ ವ್ಯತ್ಯಾಸ ಗಮನಿಸಬೇಕು. ಹುಟ್ಟಿದ ಜಾಗಕ್ಕೂ ಕೊನೆಗೆ ನೆಲೆಸಿದ ಜಾಗಕ್ಕೂ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಬರುವುದು ಒಂದು ಲೆಕ್ಕ. ಆ ನಡುವೆ ಪ್ರಾಣಿ ಸುತ್ತಿ ಬಳಸಿ ನಡೆದ ಒಟ್ಟು ದಾರಿ ಇನ್ನೊಂದು ಲೆಕ್ಕ. ಎಷ್ಟೋ ಗಂಡು ಸಿಂಹಗಳು ಅಕ್ಕಪಕ್ಕದ ಗುಂಪಿನಲ್ಲೇ ನೆಲೆ ಕಂಡುಕೊಳ್ಳುತ್ತವೆ. ಕೆಲವು ನೂರಾರು ಕಿ.ಮೀ. ಹೋಗುತ್ತವೆ.

ಇದನ್ನೆಲ್ಲ ಅಳೆಯುವುದು ಹೇಗೆ? ಸಿಂಹದ ಮೀಸೆಯ ಬುಡದಲ್ಲಿ ಚುಕ್ಕೆಗಳ ಸಾಲು ಇರುತ್ತದೆ. ಮನುಷ್ಯರ ಹೆಬ್ಬೆಟ್ಟಿನ ಗುರುತಿನಂತೆ ಒಂದರ ಚುಕ್ಕೆ ಇನ್ನೊಂದಕ್ಕೆ ಇಲ್ಲ. ಫೋಟೊ ತೆಗೆದು ಚುಕ್ಕೆ ಹೋಲಿಸಿದರೆ ಇದು ಯಾರ ಮಗ ಎಂದು ತಿಳಿಯುತ್ತದೆ. ಹುಲಿಗೆ ಮೈಮೇಲಿನ ಪಟ್ಟೆಗಳೇ ಗುರುತು. ಈಚಿನ ವರ್ಷಗಳಲ್ಲಿ ಕೊರಳಿಗೆ ಕಟ್ಟುವ ರೇಡಿಯೊ ಪಟ್ಟಿ ಉಪಗ್ರಹದ ನೆರವಿನಿಂದ ಪ್ರಾಣಿ ಇರುವ ಜಾಗವನ್ನು ಗಂಟೆ ಗಂಟೆಗೂ ಹೇಳುತ್ತದೆ.

ದಕ್ಷಿಣ ಆಫ್ರಿಕದ ಕರೂ ರಾಷ್ಟ್ರೀಯ ಉದ್ಯಾನದ ಸಿಲ್ವೆಸ್ಟರ್ ಎಂಬ ಎಳೆಯ ಗಂಡು ಸಿಂಹ 2015ರ ಜೂನ್‌ನಲ್ಲಿ ಬೇಲಿಯ ಕೆಳಗೆ ನುಸುಳಿ ಹೊರಬಿತ್ತು. ಮೂರು ವಾರಕ್ಕೂ ಹೆಚ್ಚು ಕಾಲ ಜನ ಹುಡುಕಿದರು. ನಾಯಿಗಳು ಬಂದವು, ಹೆಲಿಕಾಪ್ಟರ್ ಬಂತು. ಅದು ಅಷ್ಟರಲ್ಲಿ ಸುಮಾರು 300 ಕಿ.ಮೀ. ನಡೆದು, ದಾರಿಯುದ್ದಕ್ಕೂ ರೈತರ ಕುರಿಗಳನ್ನು ತಿಂದಿತ್ತು. ದಿನಕ್ಕೆ ಹನ್ನೆರಡು ಕಿ.ಮೀ. ಲೆಕ್ಕವೇ ಆಯಿತಲ್ಲ! ಮರಳಿ ತಂದುಬಿಟ್ಟರೆ ಮುಂದಿನ ವರ್ಷ ಮತ್ತೆ ತಪ್ಪಿಸಿಕೊಂಡಿತು. ಕೊನೆಗೆ ಅದನ್ನು ಅಡ್ಡೋ ಎಂಬ ಬೇರೆ ಉದ್ಯಾನಕ್ಕೆ ಸಾಗಿಸಬೇಕಾಯಿತು.

ಉಗಾಂಡಾದ ಜೇಕಬ್ ಎಂಬ ಸಿಂಹದ್ದು ಇನ್ನೂ ಎದೆ ಕಲಕುವ ಕಥೆ. ಕಳ್ಳಬೇಟೆಗಾರರ ಉಕ್ಕಿನ ಇಕ್ಕುಳಕ್ಕೆ ಸಿಕ್ಕಿ ಅದು ಒಂದು ಕಾಲು ಕಳೆದುಕೊಂಡಿತ್ತು. 2024ರ ಫೆಬ್ರುವರಿಯ ಒಂದು ರಾತ್ರಿ ಮೂರೇ ಕಾಲಿನ ಈ ಸಿಂಹ ತನ್ನ ಸೋದರನ ಜೊತೆ ಕಜಿಂಗಾ ಎಂಬ ಕಾಲುವೆಗೆ ಇಳಿಯಿತು. ಮೊಸಳೆ, ನೀರಾನೆಗಳಿರುವ ಆ ನೀರಿನಲ್ಲಿ ಒಂದು ಕಿ.ಮೀ.ಗೂ ಹೆಚ್ಚು ಈಜಿ ಆಚೆ ದಡ ಸೇರಿತು. ಈ ದಡದಲ್ಲಿ ಬೇರೆ ಗಂಡುಗಳ ಜೊತೆ ಕಾದಾಡಿ ಸೋತಿದ್ದವು. ಆ ದಡದಲ್ಲಿ ಹೆಣ್ಣು ಸಿಕ್ಕೀತೆಂಬ ಆಸೆ. ವಿಜ್ಞಾನಿಗಳು ಮೇಲಿನಿಂದ ಡ್ರೋನ್ ಕ್ಯಾಮೆರಾದಲ್ಲಿ ಇದನ್ನು ಚಿತ್ರಿಸಿಕೊಂಡರು.

ನಮ್ಮ ದೇಶಕ್ಕೆ ಬರೋಣ. 2023ರ ಜನವರಿಯಲ್ಲಿ ಒಂದು ಗಂಡು ಸಿಂಹ ತಾನಾಗಿಯೇ ನಡೆದು ಪೋರಬಂದರ್ ಬಳಿಯ ಬರ್ಡಾ ಅಭಯಾರಣ್ಯ ಸೇರಿತು. ಗಿರ್ ಕಾಡಿನಿಂದ ಅದು ಸುಮಾರು 100 ಕಿ.ಮೀ. ದೂರ. 1879ರ ನಂತರ ಬರ್ಡಾದಲ್ಲಿ ಸಿಂಹವೇ ಇರಲಿಲ್ಲ. 2025ರ ಗಣತಿಯ ಹೊತ್ತಿಗೆ ಅಲ್ಲಿ 17 ಸಿಂಹಗಳಿದ್ದವು. ಅದೇ ಗಣತಿಯಲ್ಲಿ ಗುಜರಾತಿನ ಸಿಂಹಗಳ ಒಟ್ಟು ಸಂಖ್ಯೆ 891. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಿರ್ ಅಭಯಾರಣ್ಯದ ಗಡಿಯ ಆಚೆ, ಹೊಲ, ಗೋಮಾಳ, ಕಡಲತೀರಗಳಲ್ಲಿ ಬದುಕುತ್ತಿದ್ದವು. ಮನೆ ತುಂಬಿದಾಗ ಮಕ್ಕಳು ಹೊರಬೀಳುತ್ತಾರೆ.

ಕರ್ನಾಟಕದ ಕಾಡಿನಲ್ಲಿ ಸಿಂಹ ಇಲ್ಲವಾದರೂ ತವರು ಬಿಟ್ಟು ಅಲೆಯುವ ಗಂಡುಗಳಿಗೆ ಕೊರತೆ ಇಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತ ಅವರ ತಂಡ ಕಾಡಿನಲ್ಲಿ ಕಟ್ಟಿದ್ದ ಕ್ಯಾಮೆರಾದಲ್ಲಿ 2010ರಲ್ಲಿ ಬಂಡೀಪುರದ ಒಂದು ಗಂಡು ಹುಲಿ ಸೆರೆಯಾಯಿತು. ಬಿಪಿಟಿ-241 ಎಂದು ಅದಕ್ಕೆ ಸಂಖ್ಯೆ ಕೊಟ್ಟರು. 2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಹುಲಿಯೊಂದನ್ನು ಹಿಡಿದಾಗ ಪಟ್ಟೆಗಳನ್ನು ಹೋಲಿಸಿ ನೋಡಿದರೆ ಅದೇ ಹುಲಿ! ನಡುವಿನ ದೂರ 280 ಕಿ.ಮೀ. ನೇರ ಗೆರೆಯಲ್ಲಿ ಸಿಂಧನೂರಿನಿಂದ ತುಮಕೂರು ಎಷ್ಟೋ ಅಷ್ಟು. ಕಾಡು, ಕಾಫಿ ತೋಟ, ಹೊಲ, ಹೆದ್ದಾರಿ ದಾಟಿ ಅದು ಅಷ್ಟು ದೂರ ಹೋಗಿತ್ತು.

ಮಹಾರಾಷ್ಟ್ರದ ಟಿಪೇಶ್ವರ ಕಾಡಿನ ಇನ್ನೊಂದು ಎಳೆಯ ಗಂಡು ಹುಲಿಯ ಹೆಸರೇ 'ವಾಕರ್' ಆಗಿಹೋಯಿತು. 2019ರಲ್ಲಿ ಮನೆ ಬಿಟ್ಟ ಅದು ಒಂಬತ್ತು ತಿಂಗಳಲ್ಲಿ ಒಟ್ಟು 3,000 ಕಿ.ಮೀ. ನಡೆದು ಬುಲ್ಡಾಣಾ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯದಲ್ಲಿ ನಿಂತಿತು. ನೇರ ಗೆರೆ ಎಳೆದರೆ ಅದು ಇನ್ನೂರು ಚಿಲ್ಲರೆ ಕಿ.ಮೀ. ಅಷ್ಟೆ. ಎರಡು ಲೆಕ್ಕದ ವ್ಯತ್ಯಾಸ ಈಗ ತಿಳಿಯಿತಲ್ಲವೇ? ಅಷ್ಟೆಲ್ಲ ನಡೆದ ಮೇಲೆ ಸಿಕ್ಕ ಕಾಡಿನಲ್ಲಿ ಜಿಂಕೆ ಇತ್ತು, ಹಂದಿ ಇತ್ತು, ನೀರಿತ್ತು. ಹೆಣ್ಣು ಹುಲಿ ಮಾತ್ರ ಒಂದೂ ಇರಲಿಲ್ಲ.

"ಅಯ್ಯೋ ಪಾಪ," ಎಂದರು ಮುಂದಿನ ಸೀಟಿನ ಹೆಂಗಸು. ಅವರೂ ಕಿವಿಗೊಟ್ಟಿದ್ದರು.

ಕಿಟಕಿಯ ಆಚೆ ತುಂಗಭದ್ರಾ ಕಾಲುವೆಯ ಗದ್ದೆಗಳು ಹಿಂದೆ ಸರಿದು ಎರೆ ಹೊಲ, ಕಲ್ಲುಗುಡ್ಡಗಳು ಕಾಣತೊಡಗಿದ್ದವು. ತಂದೆ ಆ ಕಡೆ ಕೈ ತೋರಿಸಿ, "ಚಿರತಿ ಬಂತು, ಚಿರತಿ ಬಂತು ಅಂತ ನಮ್ಮ ಕಡಿನೂ ಗುಲ್ಲು ಏಳ್ತದ ನೋಡ್ರಿ. ಅದೂ ಹಿಂಗ ಮನಿ ಬಿಟ್ಟದ್ದೇ ಏನು?" ಎಂದರು.

ಅನೇಕ ಸಲ ಹೌದು. ಮಸ್ಕಿ, ಲಿಂಗಸುಗೂರು ಕಡೆಯ ಕಲ್ಲುಗುಡ್ಡಗಳ ಬಳಿ ಚಿರತೆ ಕಂಡ ಸುದ್ದಿ ಆಗಾಗ ಬರುತ್ತದೆ. ಅಂಥ ಚಿರತೆ ನೆಲೆ ಹುಡುಕಿ ಹೊರಟ ಎಳೆಯದಾಗಿರುವ ಸಾಧ್ಯತೆ ಹೆಚ್ಚು. ಗುಡ್ಡದಿಂದ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅದಕ್ಕೆ ಒಂದು ಹಗಲು ಅಡಗಿ ಕೂರಲು ಹಳ್ಳದ ಜಾಲಿಯೋ ಕಬ್ಬಿನ ತೋಟವೋ ಸಾಕು. ತೋಳಗಳ ಮರಿಗಳೂ ಬೆಳೆದಂತೆ ಗುಂಪು ಬಿಟ್ಟು ಹೊಸ ನೆಲ ಹುಡುಕುತ್ತವೆ. ನೆರೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡು ಈಗ ತೋಳಗಳಿಗೆಂದೇ ಮೀಸಲಾದ ಅಭಯಧಾಮ. ಅಲ್ಲಿ ಹುಟ್ಟಿದ ಮರಿಗಳೆಲ್ಲ ಅಲ್ಲೇ ಇರಲು ಸಾಧ್ಯವಿಲ್ಲ. ಕುರಿ ಹಟ್ಟಿಗಳ ಮಗ್ಗುಲಲ್ಲೇ ಅವು ಹಾದು ಹೋಗಬೇಕು.

ಹಾದು ಹೋಗುವ ಈ ಕಾಲವೇ ಪ್ರಾಣಿಯ ಬದುಕಿನಲ್ಲಿ ಅತಿ ಅಪಾಯದ್ದು. ಗಿರ್ ಸುತ್ತಮುತ್ತ ಕಟ್ಟೆ ಇಲ್ಲದ ತೆರೆದ ಬಾವಿಗಳಿಗೆ ಬಿದ್ದು ಸಿಂಹಗಳು ಸತ್ತವು. ರೈಲಿಗೆ ಸಿಕ್ಕಿ ಸತ್ತವು. ಈಗ ಅಲ್ಲಿ ಸಾವಿರಾರು ಬಾವಿಗಳಿಗೆ ಕಟ್ಟೆ ಕಟ್ಟಿದ್ದಾರೆ. ಅದರಿಂದ ಸಿಂಹವಷ್ಟೇ ಅಲ್ಲ, ಎಮ್ಮೆ ಕರು, ಆಡುವ ಮಕ್ಕಳೂ ಉಳಿದರು. ನಮ್ಮ ಹೊಲದ ಹಳೆಯ ಬಾವಿಗಳಿಗೂ ಈ ಮಾತು ಸಲ್ಲುತ್ತದೆ.

ಚಿರತೆ ಕಂಡಾಗ ಮಾಡಬೇಕಾದದ್ದು ಸರಳ. ಅರಣ್ಯ ಇಲಾಖೆಗೆ ತಿಳಿಸಬೇಕು. ಮಕ್ಕಳನ್ನೂ ಕುರಿಗಳನ್ನೂ ಕತ್ತಲಾಗುವ ಮೊದಲು ಒಳಗೆ ಸೇರಿಸಬೇಕು. ಮೊಬೈಲ್ ಹಿಡಿದು ಸುತ್ತುಗಟ್ಟಬಾರದು, ಕಲ್ಲು ಎಸೆಯಬಾರದು. ತಪ್ಪಿಸಿಕೊಳ್ಳಲು ದಾರಿ ಬಿಟ್ಟರೆ ಚಿರತೆ ರಾತ್ರಿ ತನ್ನ ಪಾಡಿಗೆ ತಾನು ಹೋಗುತ್ತದೆ. ದಾರಿ ಇಲ್ಲದಾಗಲೇ ಅದು ಮೈಮೇಲೆ ಬೀಳುವುದು. ಸುದ್ದಿಯಲ್ಲಿ ಬರುವ ಗಾಯ, ಸಾವುಗಳಲ್ಲಿ ಎಷ್ಟೋ ಇಂಥ ಗದ್ದಲದಲ್ಲಿ ಆದವು.

"ದಾರಿ ಬಂದ್ ಆದ್ರ ಏನಾಗ್ತದ ಸರ್? ಅಲ್ಲೇ ಇದ್ದು ಬಿಡ್ತಾವೇನು?" ಹುಡುಗಿ ಬಿಡುವವಳಲ್ಲ.

ಇದಕ್ಕೆ ಉತ್ತರ ತಾಂಜಾನಿಯಾದ ಎನ್ಗೊರೊಂಗೊರೊದಲ್ಲಿದೆ. ಅದೊಂದು ಆರಿದ ಜ್ವಾಲಾಮುಖಿಯ ಬಾಯಿ, ದೊಡ್ಡ ಬೋಗುಣಿಯಂಥ ಕಣಿವೆ. ಸುತ್ತ ಎತ್ತರದ ಗೋಡೆಯಂತೆ ಬೆಟ್ಟ. 1962ರಲ್ಲಿ ಮಿತಿಮೀರಿದ ಮಳೆಯ ನಂತರ ಕಚ್ಚುವ ನೊಣಗಳು ಎದ್ದು ಅಲ್ಲಿನ ಸಿಂಹಗಳನ್ನು ಹಿಂಡಿ ಹಾಕಿದವು. ಉಳಿದದ್ದು ಹತ್ತರ ಆಸುಪಾಸು. ಆಮೇಲೆ ಹೊರಗಿನಿಂದ ಕೆಲವೇ ಗಂಡುಗಳು ಬಂದು ಸೇರಿದವು. ಮುಂದೆ ದಶಕಗಳ ಕಾಲ ಹೊಸ ಗಂಡುಗಳ ಬರವು ನಿಂತೇ ಹೋಯಿತು. ಸಂಖ್ಯೆ ಮತ್ತೆ ಏರಿತೇನೋ ನಿಜ. ಆದರೆ ಎಲ್ಲವೂ ಅದೇ ಕೆಲವು ಸಿಂಹಗಳ ಸಂತಾನ. 1980ರ ದಶಕದಲ್ಲಿ ವಿಜ್ಞಾನಿಗಳು ಪರೀಕ್ಷಿಸಿದಾಗ ಸೆರೆಂಗೆಟಿಯ ಸಿಂಹಗಳಿಗೆ ಹೋಲಿಸಿದರೆ ಈ ಗಂಡುಗಳಲ್ಲಿ ವಿಕಾರವಾದ ವೀರ್ಯಾಣುಗಳು ಹೆಚ್ಚು ಕಂಡವು. ಒಂದು ಕಾಲಕ್ಕೆ ಬೆರಳೆಣಿಕೆಗೆ ಇಳಿದಿದ್ದ ಗಿರ್ ಸಿಂಹಗಳಲ್ಲೂ ಇದೇ ದೋಷ ಕಂಡಿತ್ತು.

ಕಾರಣ ಹೀಗಿದೆ. ಜೀವಿಯ ಪ್ರತಿಯೊಂದು ಗುಣಕ್ಕೂ ಜೀನ್ ಎಂಬ ವಂಶವಾಹಿಗಳು ಜೋಡಿಯಾಗಿ ಇರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ. ಎರಡೂ ಕೆಟ್ಟವೇ ಆದರೆ ರೋಗ ಹೊರಬೀಳುತ್ತದೆ. ಒಂದೇ ಮನೆಯವರು ಜೊತೆಯಾದರೆ ಒಂದೇ ಕೆಟ್ಟ ವಂಶವಾಹಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಗಂಡು ಸಿಂಹಕ್ಕೆ ಈ ಪಾಠ ಯಾರೂ ಹೇಳಿಲ್ಲ. ಆದರೆ ತವರು ಬಿಟ್ಟು ದೂರ ಹೋದವುಗಳ ಸಂತಾನ ಗಟ್ಟಿಯಾಗಿ ಉಳಿಯಿತು, ಆ ಸ್ವಭಾವವೂ ಅವುಗಳ ಜೊತೆಗೇ ಉಳಿಯಿತು.

ಇಷ್ಟು ಹೇಳುವಾಗ ತಂದೆಯ ಮುಖದ ನಗು ಮಾಯವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು. "ಮನುಷ್ಯಾರಿಗೂ ಇದೇ ಲೆಕ್ಕ ಏನ್ರಿ ಸರ್? ನನ್ನ ಹಿರೇ ಮಗಳು ಡಿಗ್ರಿ ಮುಗಿಸ್ಯಾಳ. ನನ್ನ ಹೆಂಡತಿ ತಮ್ಮಗ ಕೊಡಬೇಕಂತ ಮನ್ಯಾಗ ಮಾತಾಗ್ಯದ. ಹುಡುಗ ಚಲೋ ಇದ್ದಾನ, ಊರು ಮಗ್ಗಲದಾಗೇ ಅದ. ಮಗಳು ಕಣ್ಣ ಮುಂದ ಇರ್ತಾಳ ಅಂತ."

ಈ ಮಾತು ಅವರೊಬ್ಬರದಲ್ಲ. ನಮ್ಮಲ್ಲಿ ಅಕ್ಕನ ಮಗಳು, ಸೋದರತ್ತೆಯ ಮಗ, ಸೋದರಮಾವನ ಮಗಳು ಎಂಬುದು ಹಳೆಯ ಪದ್ಧತಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹತ್ತಾರು ಸಾವಿರ ಹೆರಿಗೆಗಳ ವಿವರ ಕಲೆಹಾಕಿದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಇದರ ಹಿಂದೆ ಆಸ್ತಿ ಒಡೆಯಬಾರದೆಂಬ ಲೆಕ್ಕ ಇದೆ, ಮಗಳು ದೂರ ಹೋಗಬಾರದೆಂಬ ಮಮತೆಯೂ ಇದೆ. ಹೋದ ಮನೆಯಲ್ಲಿ ಅತ್ತೆಯ ಬದಲು ಅಜ್ಜಿಯೇ ಸಿಗುತ್ತಾಳೆಂಬ ಧೈರ್ಯವನ್ನು ಹಗುರವಾಗಿ ಕಾಣಬಾರದು.

ಆದರೆ ಲೆಕ್ಕ ಲೆಕ್ಕವೇ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಿ. ಅಜ್ಜಿಯಲ್ಲಿ ಒಂದು ಕೆಟ್ಟ ವಂಶವಾಹಿ ಅಡಗಿದೆ ಎನ್ನೋಣ. ಅವಳಿಗೆ ಏನೂ ರೋಗವಿಲ್ಲ. ಅದು ಮಗನಿಗೆ ಬರುವ ಸಂಭವ ಎರಡರಲ್ಲಿ ಒಂದು. ಮಗಳಿಗೆ ಬರುವುದೂ ಎರಡರಲ್ಲಿ ಒಂದು, ಆ ಮಗಳಿಂದ ಮೊಮ್ಮಗಳಿಗೆ ದಾಟುವುದು ನಾಲ್ಕರಲ್ಲಿ ಒಂದು. ಮಗ, ಮೊಮ್ಮಗಳು ಇಬ್ಬರಲ್ಲೂ ಇರುವ ಸಂಭವ ಎಂಟರಲ್ಲಿ ಒಂದು. ಅವರಿಬ್ಬರೂ ಮದುವೆಯಾಗಿ ಹುಟ್ಟುವ ಕೂಸಿಗೆ ಎರಡೂ ಕಡೆಯಿಂದ ಆ ಕೆಟ್ಟ ವಂಶವಾಹಿಯೇ ಬರುವ ಸಂಭವ ಮೂವತ್ತೆರಡರಲ್ಲಿ ಒಂದು. ಇದು ಒಂದೇ ವಂಶವಾಹಿಯ ಮಾತು. ಅಜ್ಜಿಯಲ್ಲಿ ಇಂಥವು ಒಂದಕ್ಕಿಂತ ಹೆಚ್ಚು ಇರಬಹುದು. ಅಜ್ಜನ ಪಾಲು ಬೇರೆ. ಹೊರಗಿನ ಗಂಡಾದರೆ ಅದೇ ಕೆಟ್ಟ ವಂಶವಾಹಿ ಅವನಲ್ಲೂ ಇರುವ ಸಂಭವ ಸಾಮಾನ್ಯವಾಗಿ ಬಹಳ ಕಡಿಮೆ. ಹುಟ್ಟುಕಿವುಡು, ಕೆಲವು ಬಗೆಯ ರಕ್ತದ ರೋಗಗಳು, ಬುದ್ಧಿ ಬೆಳವಣಿಗೆಯ ಕುಂದು ರಕ್ತಸಂಬಂಧದ ಮದುವೆಗಳ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೇ.

ಹಾಗೆಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಇಂಥ ಮದುವೆಗಳಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟಿದ್ದಾರೆ. ಈಗಾಗಲೇ ಮದುವೆಯಾದವರು ತಪ್ಪು ಮಾಡಿದ್ದೇವೆಂದು ಕೊರಗಬೇಕಾಗಿಲ್ಲ. ಬಸುರಾಗುವ ಮೊದಲೇ ವೈದ್ಯರಿಗೆ ಸಂಬಂಧವನ್ನು ಮುಚ್ಚಿಡದೆ ಹೇಳಬೇಕು. ಮನೆತನದಲ್ಲಿ ಕಿವುಡು ಮಕ್ಕಳು, ಎಳೆಯದರಲ್ಲೇ ತೀರಿಕೊಂಡ ಮಕ್ಕಳು ಇದ್ದರೆ ಅದನ್ನೂ ಹೇಳಬೇಕು. ಇನ್ನೂ ಮದುವೆಯಾಗದವರಿಗೆ ಮಾತ್ರ ಆಯ್ಕೆ ಕೈಯಲ್ಲಿದೆ.

ಇದನ್ನೇ ಆ ತಂದೆಗೆ ಹೇಳಿದೆ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. "ಮಗಳನ್ನ ಕೇಳಿದ್ದೀರಾ ಯಜಮಾನರೇ?"

ಅವರು ಉತ್ತರ ಕೊಡಲಿಲ್ಲ. ಕೊಟ್ಟವಳು ಚಿಕ್ಕ ಮಗಳು. "ಅಕ್ಕ ಮಾಮಾಗ ಮಾಮಾ ಅಂತಾಳ್ರೀ. ಸಣ್ಣಕಿ ಇದ್ದಾಗ ಅವನ ಹೆಗಲ ಮ್ಯಾಲೆ ಕುಂತು ಜಾತ್ರಿ ನೋಡ್ಯಾಳ. ರಾತ್ರಿ ನನ್ನ ಮುಂದ ಅಳ್ತಾಳ."

ಬಸ್ಸಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದೂರದಲ್ಲಿ ಮಸ್ಕಿಯ ಗುಡ್ಡ ಕಂಡಿತು. ತಂದೆ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು, ಮತ್ತೆ ಸುತ್ತಿಕೊಂಡರು.

ಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಳ್ಳುವ ಆಸೆ ಎಲ್ಲ ತಂದೆತಾಯಿಗೂ ಸಹಜ. ಸಿಂಹಿಣಿಗೂ ಮರಿಯ ಮೇಲೆ ಪ್ರೀತಿ ಕಡಿಮೆ ಇರಲಾರದು. ಹೊಸ ಗಂಡುಗಳು ಬಂದಾಗ ಮರಿಗಳನ್ನು ಉಳಿಸಲು ಅವಳು ಜೀವದ ಹಂಗು ತೊರೆದು ಕಾದಾಡುತ್ತಾಳೆ. ಆದರೂ ದಿನ ಬಂದಾಗ ಮಗ ಗುಂಪಿನಿಂದ ಬೇರೆಯಾಗಿ ಹುಲ್ಲಿನಲ್ಲಿ ಮರೆಯಾಗುತ್ತಾನೆ. ಮನುಷ್ಯರಾದ ನಮಗೆ ಅವಳಿಗಿಂತ ಒಂದು ಅನುಕೂಲ ಹೆಚ್ಚು. ದೂರ ಹೋದ ಮಗಳು ಮಗ ಹಬ್ಬಕ್ಕೆ ಬರುತ್ತಾರೆ, ಸಂಜೆ ಫೋನ್ ಮಾಡುತ್ತಾರೆ. ತವರಿನ ದಾರಿ ನಮ್ಮಲ್ಲಿ ಎರಡೂ ಕಡೆ ತೆರೆದಿರುತ್ತದೆ.

ಮಸ್ಕಿ ಬಂತು. ಹುಡುಗಿ ಚೀಲ ಹೆಗಲಿಗೇರಿಸಿದಳು. ಇಳಿಯುವ ಮೊದಲು ಮತ್ತೆ ನೆನಪಿಸಿದಳು. "ಸರ್, ಕಮಲಾಪುರದಿಂದ ಮಸ್ಕಿಗೆ ಎಷ್ಟು ದಿನ ಅಂತ ಹೇಳಲೇ ಇಲ್ಲ ನೀವು."

ನೇರ ಗೆರೆ ಎಳೆದರೆ 75 ಕಿ.ಮೀ. ಆಸುಪಾಸು, ನಡುವೆ ತುಂಗಭದ್ರೆ ದಾಟಬೇಕು, ವಾರ ಸಾಕು ಎಂದೆ. ಸಿಂಹ ಬೇಲಿಯೊಳಗೇ ಇದೆ, ಹಾಗಾಗಿ ಭಯ ಬೇಡ ಎಂದೂ ಸೇರಿಸಿದೆ. ಅವಳು ನಕ್ಕು ಇಳಿದಳು.

ತಂದೆ ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ನೋಡಿದರು. "ಸರ್, ಇದರ ಬಗ್ಗೆ ತಿಳಿಸಿ ಹೇಳೋ ಡಾಕ್ಟರು ರಾಯಚೂರಾಗ ಸಿಗ್ತಾರೇನ್ರೀ?"

ಮೊದಲು ಇಲ್ಲಿನ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನೇ ಕೇಳಿ, ಬೇಕಾದರೆ ಅವರೇ ರಾಯಚೂರಿನ ವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ ಎಂದೆ. ಹೋಗುವಾಗ ದೊಡ್ಡ ಮಗಳನ್ನೂ ಕರೆದುಕೊಂಡು ಹೋಗಿ ಎಂದೆ. ಅವರು ತಲೆಯಾಡಿಸಿದರು. ಕಂಡಕ್ಟರ್ ಸೀಟಿ ಊದಿದ. ಬಸ್ ಲಿಂಗಸುಗೂರಿನ ಕಡೆ ಹೊರಟಿತು.